ಜೀವಕೋಶದ ಹದ ನೋಡುವ ಬೆರಳು

ಇಂಜಿನಿಯರಿಂಗ್ ಮೊದಲ ವರ್ಷದ ಭೌತಶಾಸ್ತ್ರದಲ್ಲಿ ‘ಎಎಫ್‌ಎಂ’ ಎಂಬ ಮೂರಕ್ಷರದ ಪ್ರಶ್ನೆಯನ್ನು ಓದದವರು ವಿಟಿಯು ವಿದ್ಯಾರ್ಥಿಗಳಲ್ಲಿ ಕಡಿಮೆ. ಅಟಾಮಿಕ್ ಫೋರ್ಸ್ ಮೈಕ್ರೊಸ್ಕೋಪ್: ತತ್ವ, ರಚನೆ, ಕೆಲಸ ಮಾಡುವ ಬಗೆ, ಉಪಯೋಗ. ಒಂದು ಚಿತ್ರ ಬರೆದು, ಲೇಸರ್, ಕ್ಯಾಂಟಿಲಿವರ್, ಫೋಟೊಡಯೋಡ್ ಎಂದು ಬಾಣ ಹಾಕಿ, ಒಂದೂವರೆ ಪುಟ ತುಂಬಿಸಿದರೆ ಅಂಕ ಗ್ಯಾರಂಟಿ. ಪರೀಕ್ಷೆ ಮುಗಿದ ಸಂಜೆಯೇ ಎಲ್ಲರೂ ಮರೆಯುತ್ತಾರೆ. ನಾನು ಮರೆಯದೇ ಉಳಿದದ್ದು ಉಪಯೋಗಗಳ ಪಟ್ಟಿಯ ಕೊನೆಯಲ್ಲಿ ಬರೆದುಕೊಂಡಿದ್ದ ಒಂದೇ ಒಂದು ಸಾಲಿನಿಂದ. ಜೀವಂತ ಕೋಶಗಳನ್ನೂ ಇದರಿಂದ ಅಧ್ಯಯನ ಮಾಡಬಹುದು ಎಂದು ಅಲ್ಲಿತ್ತು. ಹೇಗೆ, ಯಾಕೆ ಎಂದು ಇರಲಿಲ್ಲ. ನಾನು ಮೆಕ್ಯಾನಿಕಲ್ ವಿದ್ಯಾರ್ಥಿ. ಪಿಯುಸಿಯಲ್ಲಿ ಜೀವಶಾಸ್ತ್ರದ ಪುಸ್ತಕ ಮುಚ್ಚಿಟ್ಟ ಮೇಲೆ ಇನ್ನು ಅದರ ತಂಟೆ ಇಲ್ಲ ಅಂದುಕೊಂಡಿದ್ದವನು. ಆ ಒಂದು ಸಾಲಿನ ಹಿಂದೆ ಹೋದಾಗ ನನಗೆ ಸಿಕ್ಕಿದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಒಂದು ಮಾತು. ಮೈಕ್ರೊಸ್ಕೋಪ್ ಎಂದ ಕೂಡಲೇ ನಮಗೆ ಕಣ್ಣು ನೆನಪಾಗುತ್ತದೆ. ಮಸೂರ, ಬೆಳಕು, ದೊಡ್ಡದಾಗಿ ಕಾಣುವ ಚಿತ್ರ. ಎಎಫ್‌ಎಂಗೆ ಕಣ್ಣಿಲ್ಲ. ಅದು ಮುಟ್ಟಿ ನೋಡುತ್ತದೆ. ಈ ವ್ಯತ್ಯಾಸ ಅರ್ಥವಾದರೆ ಉಳಿದದ್ದೆಲ್ಲ ಸಲೀಸು. ನನ್ನ ಊರು ಭಾಲ್ಕಿ ತಾಲ್ಲೂಕಿನ ಮೆಹಕರ. ಗಡಿ ದಾಟಿದರೆ ಮಹಾರಾಷ್ಟ್ರದ ಲಾತೂರ್ ಜಿಲ್ಲೆ. ಕಪ್ಪು ಮಣ್ಣಿನ ಸೀಮೆ ಇದು. ಮಳೆ ಬಿದ್ದ ಮೇಲೆ ಬಿತ್ತನೆಗೆ ಹೊಲ ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ನಮ್ಮಲ್ಲಿ ಯಾರೂ ದೂರದಿಂದ ನೋಡಿ ಹೇಳುವುದಿಲ್ಲ. ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತುತ್ತಾರೆ. ಉಂಡೆಯಾಗಿ ಅಂಟಿಕೊಂಡರೆ ಇನ್ನೂ ಹಸಿ, ಒತ್ತಿದ ಉಂಡೆ ಬೆರಳು ತಾಗಿಸಿದರೆ ಬಿರಿದರೆ ಹದ. ಮೇಲ್ಮೈ ನೋಡಿದರೆ ಎರಡೂ ಒಂದೇ ಕಪ್ಪು. ರೊಟ್ಟಿ ಹಿಟ್ಟಿಗೂ ಇದೇ ಮಾತು, ಸೀತಾಫಲಕ್ಕೂ ಇದೇ ಮಾತು. ಕಣ್ಣಿಗೆ ಕಾಣದ ಗುಣವೊಂದು ಬೆರಳಿಗೆ ಸಿಗುತ್ತದೆ. ಅದಕ್ಕೆ ಕನ್ನಡದಲ್ಲಿ ಹದ ಎಂಬ ಚೆಂದದ ಪದವಿದೆ. ಜೀವಕೋಶಕ್ಕೂ ಒಂದು ಹದವಿದೆ, ಕಾಯಿಲೆ ಬಂದಾಗ ಅದು ಕೆಡುತ್ತದೆ. ಎಎಫ್‌ಎಂ ಜೀವವಿಜ್ಞಾನದಲ್ಲಿ ಇಷ್ಟು ಬೆಲೆ ಪಡೆದಿರುವುದಕ್ಕೆ ಒಂದು ದೊಡ್ಡ ಕಾರಣ ಇದು.

ಕೂದಲಿಗಿಂತ ತೆಳು ತೊಲೆ

1981ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದಲ್ಲಿ ಗೆರ್ಡ್ ಬಿನ್ನಿಗ್ ಮತ್ತು ಹೈನ್‌ರಿಚ್ ರೋರರ್ ಒಂದು ಉಪಕರಣ ಕಟ್ಟಿದರು. ಸ್ಕ್ಯಾನಿಂಗ್ ಟನಲಿಂಗ್ ಮೈಕ್ರೊಸ್ಕೋಪ್. ಅದು ಒಂದೊಂದು ಪರಮಾಣುವನ್ನೂ ತೋರಿಸಿತು. 1986ರ ನೊಬೆಲ್‌ನಲ್ಲಿ ಅವರಿಬ್ಬರಿಗೂ ಪಾಲು ಸಿಕ್ಕಿತು. ಆದರೆ ಅದಕ್ಕೊಂದು ಮಿತಿ ಇತ್ತು. ಮಾದರಿಯಲ್ಲಿ ವಿದ್ಯುತ್ ಹರಿಯಬೇಕು. ಲೋಹ ಸರಿ, ಪ್ರೊಟೀನು, ಕೋಶ, ಎಲೆಗಳ ಗತಿ ಏನು? ಅದೇ 1986ರಲ್ಲಿ ಬಿನ್ನಿಗ್, ಕ್ಯಾಲ್ವಿನ್ ಕ್ವೇಟ್, ಕ್ರಿಸ್ಟೋಫ್ ಗರ್ಬರ್ ಮೂವರೂ ಸೇರಿ ‘ಫಿಸಿಕಲ್ ರಿವ್ಯೂ ಲೆಟರ್ಸ್’ನಲ್ಲಿ ಎಎಫ್‌ಎಂ ಬಗ್ಗೆ ಬರೆದರು. ಅವರ ಮೊದಲ ಉಪಕರಣದ ಕ್ಯಾಂಟಿಲಿವರ್ ಬಂಗಾರದ ತೆಳು ಹಾಳೆಯದು, ತುದಿಗೆ ಅಂಟಿಸಿದ್ದು ವಜ್ರದ ಚೂರು. ಅದು ನಮ್ಮ ವರ್ಕ್‌ಶಾಪಿನಲ್ಲೂ ಮಾಡಬಹುದಾದ ವಸ್ತುವಿನಂತೆ ಕೇಳಿಸುತ್ತದೆ ಎಂಬುದೇ ನನಗೆ ಖುಷಿ.

ಕ್ಯಾಂಟಿಲಿವರ್ ಎಂದರೆ ಒಂದು ತುದಿ ಗೋಡೆಗೆ ಬಿಗಿದು ಇನ್ನೊಂದು ತುದಿ ಗಾಳಿಯಲ್ಲಿ ಬಿಟ್ಟ ತೊಲೆ. ಮನೆಯ ಸಜ್ಜಾ ಕೂಡ ಅದೇ. ‘ಸ್ಟ್ರೆಂತ್ ಆಫ್ ಮೆಟೀರಿಯಲ್ಸ್’ ಪುಸ್ತಕದಲ್ಲಿ ಇದರ ಲೆಕ್ಕ ಮಾಡಿ ಮಾಡಿ ನಮ್ಮ ಬೆರಳು ಸವೆದಿವೆ. ಎಎಫ್‌ಎಂನ ತೊಲೆ ಸಿಲಿಕಾನ್ ಅಥವಾ ಸಿಲಿಕಾನ್ ನೈಟ್ರೈಡ್‌ನದು. ಉದ್ದ ನೂರು, ಇನ್ನೂರು ಮೈಕ್ರೊಮೀಟರ್, ಅಂದರೆ ಎರಡು ಮೂರು ಕೂದಲು ಪಕ್ಕಪಕ್ಕ ಇಟ್ಟಷ್ಟು. ಕೋಶಗಳಿಗಾಗಿ ಬಳಸುವ ಮೆದು ತೊಲೆಗಳ ದಪ್ಪ ಒಂದು ಮೈಕ್ರೊಮೀಟರಿಗಿಂತ ಕಡಿಮೆ. ಅದರ ತುದಿಯಲ್ಲಿ ಕೆಳಮುಖವಾಗಿ ಒಂದು ಮೊನೆ. ಮೊನೆಯ ಬಾಯಿ ಸುಮಾರು ಇಪ್ಪತ್ತು ನ್ಯಾನೊಮೀಟರ್ ಅಗಲ. ನಮ್ಮ ತಲೆಗೂದಲು ಅದಕ್ಕಿಂತ ಮೂರು ಸಾವಿರಕ್ಕೂ ಹೆಚ್ಚು ಪಟ್ಟು ದಪ್ಪ.

ಈ ಮೊನೆಯನ್ನು ಮಾದರಿಯ ಮೇಲೆ ಎಡದಿಂದ ಬಲಕ್ಕೆ, ಸಾಲು ಸಾಲಾಗಿ, ಹೊಲ ಊಳಿದಂತೆ ಓಡಿಸುತ್ತಾರೆ. ಉಬ್ಬು ಬಂದರೆ ತೊಲೆ ಮೇಲೆ ಬಾಗುತ್ತದೆ, ತಗ್ಗು ಬಂದರೆ ಇಳಿಯುತ್ತದೆ. ಇಷ್ಟು ಸಣ್ಣ ಬಾಗುವಿಕೆಯನ್ನು ಅಳೆಯುವ ಉಪಾಯ ಮಾತ್ರ ಮಕ್ಕಳಾಟದಷ್ಟು ಸರಳ. ಬಿಸಿಲಿಗೆ ಕನ್ನಡಿ ಹಿಡಿದು ಗೆಳೆಯನ ಮುಖಕ್ಕೆ ಬೆಳಕು ಬಿಡುವ ಆಟ ಎಲ್ಲರೂ ಆಡಿದ್ದೇವೆ. ಕೈಯಲ್ಲಿ ಕನ್ನಡಿ ಕೂದಲೆಳೆ ಅಲುಗಿದರೆ ದೂರದ ಗೋಡೆಯ ಮೇಲೆ ಬೆಳಕಿನ ಚುಕ್ಕೆ ಗಜಗಟ್ಟಲೆ ಓಡುತ್ತದೆ. ತೊಲೆಯ ಬೆನ್ನಿನ ಮೇಲೆ ಲೇಸರ್ ಬಿಟ್ಟು, ಪ್ರತಿಫಲಿಸಿದ ಚುಕ್ಕೆ ಎಲ್ಲಿ ಬೀಳುತ್ತದೆ ಎಂದು ನಾಲ್ಕು ಮನೆಗಳ ಫೋಟೊಡಯೋಡಿನಲ್ಲಿ ನೋಡುವುದು ಅದೇ ಆಟ.

ಬಾಗುವಿಕೆ ಗೊತ್ತಾದರೆ ಬಲ ಗೊತ್ತಾದಂತೆ. ಬಲ ಎಂದರೆ ತೊಲೆಯ ಸ್ಪ್ರಿಂಗ್ ಸ್ಥಿರಾಂಕವನ್ನು ಬಾಗುವಿಕೆಯಿಂದ ಗುಣಿಸಿದ್ದು. ಹುಕ್ಸ್ ನಿಯಮ, ಹನ್ನೊಂದನೇ ತರಗತಿಯದು. ಮೆದು ತೊಲೆಯ ಸ್ಥಿರಾಂಕ ಮೀಟರಿಗೆ 0.05 ನ್ಯೂಟನ್ ಎಂದಿಟ್ಟುಕೊಳ್ಳಿ. ಅದು 10 ನ್ಯಾನೊಮೀಟರ್ ಬಾಗಿದರೆ ಬಲ ಅರ್ಧ ನ್ಯಾನೊನ್ಯೂಟನ್. ಒಂದು ಸಕ್ಕರೆ ಹರಳಿನ ತೂಕದಲ್ಲಿ ಸುಮಾರು ಹತ್ತು ಸಾವಿರದ ಒಂದು ಪಾಲು. ಅಷ್ಟು ಹಗುರ ಬೆರಳಿದ್ದರೆ ಮಾತ್ರ ಜೀವಂತ ಕೋಶವನ್ನು ಒಡೆಯದೇ ಒತ್ತಿ ನೋಡಲು ಸಾಧ್ಯ. ತೊಲೆಯ ದಪ್ಪವನ್ನು ಅರ್ಧ ಮಾಡಿದರೆ ಅದರ ಬಿಗಿತ ಎಂಟರಲ್ಲೊಂದು ಪಾಲಾಗುತ್ತದೆ, ಏಕೆಂದರೆ ದಪ್ಪ ಆ ಸೂತ್ರದಲ್ಲಿ ಘನವಾಗಿ ಕೂತಿದೆ. ಸೂತ್ರವನ್ನು ಉರು ಹೊಡೆದಾಗ ಆ ಘನ ಒಂದು ಪೀಡೆ. ಇಂಥ ತೊಲೆ ಮಾಡುವವನಿಗೆ ಅದೇ ವರ.

ಇನ್ನೊಂದು ಅನುಕೂಲ ಮುಖ್ಯವಾದದ್ದು. ಸಾಮಾನ್ಯ ಬೆಳಕಿನ ಮೈಕ್ರೊಸ್ಕೋಪ್ ಸುಮಾರು 200 ನ್ಯಾನೊಮೀಟರಿಗಿಂತ ಸಣ್ಣದನ್ನು ಬಿಡಿಸಿ ತೋರಿಸಲಾರದು. ಡಿಎನ್‌ಎ ಎಳೆಯ ಅಗಲ ಬರೀ 2 ನ್ಯಾನೊಮೀಟರ್. ಎಲೆಕ್ಟ್ರಾನ್ ಮೈಕ್ರೊಸ್ಕೋಪ್ ತೋರಿಸುತ್ತದೆ ನಿಜ, ಆದರೆ ಅದಕ್ಕೆ ನಿರ್ವಾತ ಬೇಕು. ಮಾದರಿಯನ್ನು ಒಣಗಿಸಬೇಕು ಇಲ್ಲವೇ ಹೆಪ್ಪುಗಟ್ಟಿಸಬೇಕು, ಅಂದರೆ ಜೀವ ಇರುವುದಿಲ್ಲ. ಎಎಫ್‌ಎಂ ನೀರಿನೊಳಗೂ ಕೆಲಸ ಮಾಡುತ್ತದೆ. ಕ್ಯಾಲಿಫೋರ್ನಿಯಾದ ಪಾಲ್ ಹ್ಯಾನ್ಸ್‌ಮಾ ಮತ್ತು ಸಂಗಡಿಗರು 1980ರ ದಶಕ ಮುಗಿಯುವುದರೊಳಗೆ ಇದನ್ನು ತೋರಿಸಿಕೊಟ್ಟರು. ದೇಹದ ಉಷ್ಣತೆಯಲ್ಲಿ, ಉಪ್ಪು ನೀರಿನಲ್ಲಿ, ಉಸಿರಾಡುತ್ತಿರುವ ಕೋಶವನ್ನು ಮುಟ್ಟಬಹುದು.

2010ರಲ್ಲಿ ಜಪಾನಿನ ಕನಜಾವಾ ವಿಶ್ವವಿದ್ಯಾಲಯದ ತೋಷಿಯೊ ಆಂಡೊ ಅವರ ತಂಡ ಇದನ್ನು ಎಲ್ಲಿಗೆ ಒಯ್ದಿತೆಂದರೆ, ಮಯೋಸಿನ್-5 ಎಂಬ ಪ್ರೊಟೀನು ಆಕ್ಟಿನ್ ಎಳೆಯ ಮೇಲೆ ಎರಡು ಕಾಲಲ್ಲಿ ಹೆಜ್ಜೆ ಹಾಕುವುದನ್ನು ಸಿನಿಮಾದಂತೆ ತೋರಿಸಿತು. ಒಂದೊಂದು ಹೆಜ್ಜೆ ಸುಮಾರು 36 ನ್ಯಾನೊಮೀಟರ್. ಆ ವಿಡಿಯೊ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ, ದಯವಿಟ್ಟು ನೋಡಿ. ಹಾಸ್ಟೆಲಿನಲ್ಲಿ ನಾನು ತೋರಿಸಿದಾಗ ಗೆಳೆಯನೊಬ್ಬ ‘ಅನಿಮೇಷನ್ ಛಲೋ ಮಾಡ್ಯಾರ’ ಎಂದ. ಅನಿಮೇಷನ್ ಅಲ್ಲ ಎಂದು ನಂಬಿಸಲು ಅರ್ಧ ಗಂಟೆ ಹಿಡಿಯಿತು.

ಗಂಟು ಗಟ್ಟಿ, ಕೋಶ ಮೆತ್ತಗೆ

ನಾನು ಎರಡನೇ ವರ್ಷದಲ್ಲಿದ್ದಾಗ ನಮ್ಮ ಕಾಕುವಿನ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಅವರು ಎಷ್ಟೋ ತಿಂಗಳು ಯಾರಿಗೂ ಹೇಳಿರಲಿಲ್ಲ. ನಮ್ಮ ಕಡೆ ಹೆಂಗಸರು ಹೇಳುವುದೂ ಇಲ್ಲ. ಕೊನೆಗೆ ತೋರಿಸಿದಾಗ ವೈದ್ಯೆ ಮೊದಲು ಮಾಡಿದ ಕೆಲಸ ಬೆರಳಿನಿಂದ ಒತ್ತಿ ನೋಡಿದ್ದು. ‘ಗಟ್ಟಿ ಅದ, ಜರುಗಲ್ಲ’ ಎಂದರಂತೆ. ಅಷ್ಟಕ್ಕೇ ಅವರ ಮುಖ ಬದಲಾಗಿದ್ದನ್ನು ಕಾಕು ಇಂದಿಗೂ ಹೇಳುತ್ತಾರೆ. ಆಮೇಲೆ ಹೈದರಾಬಾದಿಗೆ ಹೋಗಿ ಸೂಜಿ ಹಾಕಿ ತುಣುಕು ತೆಗೆಸಿದ್ದು, ವರದಿಗೆ ಕಾದದ್ದು, ಆಪರೇಷನ್, ಕಿಮೊ. ಈಗ ಅವರು ಮನೆಯಲ್ಲಿದ್ದಾರೆ, ಹೊಲಕ್ಕೂ ಹೋಗುತ್ತಾರೆ. ಆ ಕಾಯುವ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಕಾಯಿಲೆಯ ಹೆಸರೆತ್ತಲಿಲ್ಲ. ನಾನು ಮಾತ್ರ ಮೊಬೈಲಿನಲ್ಲಿ ‘ಗಟ್ಟಿ’ ಎಂಬ ಒಂದೇ ಪದದ ಹಿಂದೆ ಬಿದ್ದಿದ್ದೆ. ಯಾಕೆ ಗಟ್ಟಿ? ಎಷ್ಟು ಗಟ್ಟಿ? ಮೆಕ್ಯಾನಿಕಲ್ ಓದುವವನಿಗೆ ಗಟ್ಟಿ ಎಂದರೆ ಒಂದು ಅಂಕಿ ಬೇಕು, ಒಂದು ಮಾನ ಬೇಕು. ಹಾಗೆ ಹುಡುಕುವಾಗ ಮೊದಲ ವರ್ಷದ ಆ ಮೂರಕ್ಷರ ಮತ್ತೆ ಎದುರಾಯಿತು.

ಎದುರಾದದ್ದು ಒಂದು ವಿಚಿತ್ರ ಸಂಗತಿಯ ಜೊತೆ. ಕ್ಯಾನ್ಸರ್ ಗಂಟು ಬೆರಳಿಗೆ ಗಟ್ಟಿ. ಆದರೆ ಆ ಗಂಟಿನೊಳಗಿನ ಕ್ಯಾನ್ಸರ್ ಕೋಶವನ್ನು ಒಂದೊಂದಾಗಿ ಎಎಫ್‌ಎಂನಲ್ಲಿ ಒತ್ತಿದರೆ ಅದು ಆರೋಗ್ಯವಂತ ಕೋಶಕ್ಕಿಂತ ಮೆತ್ತಗೆ!

2007ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಾರಾ ಕ್ರಾಸ್, ಜೇಮ್ಸ್ ಗಿಮ್ಜೆವ್‌ಸ್ಕಿ ಮತ್ತು ಸಂಗಡಿಗರು ‘ನೇಚರ್ ನ್ಯಾನೊಟೆಕ್ನಾಲಜಿ’ಯಲ್ಲಿ ಇದನ್ನು ಪ್ರಕಟಿಸಿದರು. ರೋಗಿಗಳ ಶ್ವಾಸಕೋಶದ ಸುತ್ತ ತುಂಬಿದ ದ್ರವದಿಂದ ಕೋಶಗಳನ್ನು ತೆಗೆದರು. ಬೆಳಕಿನ ಮೈಕ್ರೊಸ್ಕೋಪಿನಲ್ಲಿ ರೂಪ ನೋಡಿ ಕ್ಯಾನ್ಸರ್ ಕೋಶ ಯಾವುದು, ಸಾಮಾನ್ಯ ಕೋಶ ಯಾವುದು ಎಂದು ಹೇಳುವುದು ಕಷ್ಟವಾಗಿತ್ತು. ಒತ್ತಿ ನೋಡಿದಾಗ ಬೇರೆಯಾದವು. ಸಾಮಾನ್ಯ ಕೋಶಗಳ ಗಟ್ಟಿತನ ಸರಾಸರಿ 2 ಕಿಲೊಪ್ಯಾಸ್ಕಲ್ ಸಮೀಪ, ಹರಡುವ ಕ್ಯಾನ್ಸರ್ ಕೋಶಗಳದು ಅರ್ಧ ಕಿಲೊಪ್ಯಾಸ್ಕಲ್ ಸಮೀಪ. ಶೇ 70ಕ್ಕೂ ಹೆಚ್ಚು ಮೆತ್ತಗೆ. ಹೋಲಿಕೆಗೆ ಹೇಳುವುದಾದರೆ, ನಾವು ಲ್ಯಾಬಿನಲ್ಲಿ ಎಳೆದು ತುಂಡರಿಸುವ ಉಕ್ಕಿನ ಯಂಗ್ಸ್ ಮಾಡ್ಯುಲಸ್ ಸುಮಾರು 200 ಗಿಗಾಪ್ಯಾಸ್ಕಲ್. ಆರೋಗ್ಯವಂತ ಕೋಶ ಅದಕ್ಕಿಂತ ಹತ್ತು ಕೋಟಿ ಪಟ್ಟು ಮೆದು. ಎರಡಕ್ಕೂ ಅಳತೆಯ ಮಾನ ಒಂದೇ ಎನ್ನುವುದು ನನಗೆ ಇನ್ನೂ ಅಚ್ಚರಿ.

ಮೆತ್ತಗಿರುವುದರಿಂದ ಕೋಶಕ್ಕೇನು ಲಾಭ? ಹರಡುವ ಕೋಶ ಇದ್ದಲ್ಲಿಂದ ಕಿತ್ತುಕೊಂಡು, ಅಂಗಾಂಶದ ಸಂದಿಗಳಲ್ಲಿ ನುಸುಳಿ, ರಕ್ತನಾಳದ ಗೋಡೆ ತೂರಿ, ಇನ್ನೊಂದು ಅಂಗಕ್ಕೆ ಹೋಗಿ ಕೂರಬೇಕು. ಗಾಳಿ ತುಂಬಿದ ಬಿಗಿ ಬಲೂನು ಕಿಟಕಿಯ ಸರಳಿನ ನಡುವೆ ಹೋಗದು, ಅರ್ಧ ಗಾಳಿಯದು ಹೋಗುತ್ತದೆ. ಹಾಗಾದರೆ ಗಂಟು ಗಟ್ಟಿ ಏಕೆ? ಗಂಟೆಂದರೆ ಕೋಶಗಳ ರಾಶಿ ಮಾತ್ರವಲ್ಲ. ಅವುಗಳ ಸುತ್ತ ಕೊಲಾಜನ್ ಎಂಬ ನಾರಿನ ಬಲೆಯಿದೆ. ಕಾಯಿಲೆಯಲ್ಲಿ ಆ ನಾರು ಹೆಚ್ಚಾಗಿ, ಒಂದಕ್ಕೊಂದು ಹೆಣೆದು ಬಿಗಿಯಾಗುತ್ತದೆ. ವೈದ್ಯೆಯ ಬೆರಳಿಗೆ ಸಿಗುವುದು ಮುಖ್ಯವಾಗಿ ಆ ಬಲೆಯ ಬಿಗಿ. ಮೊನೆಗೆ ಸಿಗುವುದು ಬಲೆಯೊಳಗಿನ ಕೋಶದ ಮೆದು. ಎರಡೂ ಸುಳ್ಳಲ್ಲ, ಬೆರಳಿನ ಗಾತ್ರ ಬೇರೆ.

2012ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದ ಮರಿಯಾ ಪ್ಲೊಡಿನೆಕ್, ರೋಡರಿಕ್ ಲಿಮ್ ಮತ್ತಿತರರು ಸ್ತನದಿಂದ ತೆಗೆದ ಬಯಾಪ್ಸಿ ತುಣುಕುಗಳನ್ನೇ ಎಎಫ್‌ಎಂ ಕೆಳಗಿಟ್ಟು ಸಾವಿರಾರು ಕಡೆ ಒತ್ತಿ ನಕ್ಷೆ ಮಾಡಿದರು. ಆರೋಗ್ಯವಂತ ತುಣುಕಿನ ಗಟ್ಟಿತನ ಒಂದೇ ಸಮ. ಅಪಾಯವಿಲ್ಲದ ಗಂಟು ಸ್ವಲ್ಪ ಹೆಚ್ಚು ಗಟ್ಟಿ, ಅದೂ ಒಂದೇ ಸಮ. ಕ್ಯಾನ್ಸರ್ ತುಣುಕು ಮಾತ್ರ ಒಂದು ಕಡೆ ಗಟ್ಟಿ, ಒಂದು ಕಡೆ ತೀರಾ ಮೆತ್ತಗೆ, ಕಲ್ಲು ಮಣ್ಣು ಬೆರೆತ ಹೊಲದಂತೆ. ಈ ಕೆಲಸದಿಂದಲೇ ಬಾಸೆಲ್‌ನಲ್ಲಿ ಆರ್ಟಿಡಿಸ್ ಎಂಬ ಕಂಪನಿ ಹುಟ್ಟಿ, ಆಸ್ಪತ್ರೆಗೆ ಹೊಂದುವ ಎಎಫ್‌ಎಂ ತಯಾರಿಸಲು ಹೊರಟಿದೆ. ಇಷ್ಟು ಓದಿ, ಇನ್ನು ಬಯಾಪ್ಸಿಯ ಕಾಯುವಿಕೆ ಬೇಡ ಎಂದುಕೊಳ್ಳಬೇಡಿ. ಇಂದಿಗೂ ರೋಗವನ್ನು ಖಚಿತ ಮಾಡುವುದು ಪೆಥಾಲಜಿ ತಜ್ಞರ ಕಣ್ಣೇ. ಗಂಟು ಮೆತ್ತಗಿದೆಯೋ ಗಟ್ಟಿಯಿದೆಯೋ ಎಂದು ಮನೆಯಲ್ಲೇ ತೀರ್ಮಾನಿಸಿ ಸುಮ್ಮನಿರುವುದಂತೂ ಬೇಡವೇ ಬೇಡ. ಯಾವ ಗಂಟಾದರೂ ವೈದ್ಯರಿಗೆ ತೋರಿಸಬೇಕು. ನಿಮ್ಮ ಮನೆಯ ಹೆಂಗಸರಿಗೂ ಈ ಮಾತು ಹೇಳಿ.

ರಕ್ತದಲ್ಲಿ ಕಥೆ ಉಲ್ಟಾ. ಕೆಂಪು ರಕ್ತಕಣ ಏಳೆಂಟು ಮೈಕ್ರೊಮೀಟರ್ ಅಗಲದ್ದು, ತನಗಿಂತ ಸಣ್ಣ ನಾಳಗಳಲ್ಲೂ ಮಡಚಿಕೊಂಡು ತೂರುತ್ತದೆ. ಅಲ್ಲಿ ಮೆದುವೇ ಆರೋಗ್ಯ. ಮಲೇರಿಯಾ ಪರಾವಲಂಬಿ ಹೊಕ್ಕ ಕಣ ಬಿಗಿಯಾಗುತ್ತದೆ. ಕುಡುಗೋಲು ಕಣ ರೋಗದಲ್ಲೂ ಹಾಗೆಯೇ ಬಿಗಿಯಾಗಿ ನಾಳದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ನಮ್ಮ ರಾಜ್ಯದಲ್ಲಿ ಚಾಮರಾಜನಗರ, ಮೈಸೂರು, ಕೊಡಗಿನ ಬುಡಕಟ್ಟು ಜನರಲ್ಲಿ ಈ ರೋಗವಿದೆ. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಇದರ ನಿರ್ಮೂಲನೆಗೆ ರಾಷ್ಟ್ರೀಯ ಅಭಿಯಾನ ಶುರು ಮಾಡಿದ್ದು ಓದಿರಬಹುದು. ಅಂದರೆ ಹದ ಕೆಡುವುದು ಎಂದರೆ ಎಲ್ಲ ಕಡೆ ಮೆತ್ತಗಾಗುವುದಲ್ಲ. ಯಾವ ಕೋಶಕ್ಕೆ ಯಾವ ಹದ ಬೇಕೋ ಅದು ತಪ್ಪುವುದು.

ಒತ್ತಿದ ಲೆಕ್ಕ ಅಷ್ಟು ಸಲೀಸಲ್ಲ

ಒತ್ತಿದಾಗ ಸಿಗುವುದು ಬಲ ಮತ್ತು ಮೊನೆ ಇಳಿದ ಆಳ, ಇವೆರಡರ ಗೆರೆ ಮಾತ್ರ. ಅದರಿಂದ ಗಟ್ಟಿತನ ತೆಗೆಯಲು ಸಾಮಾನ್ಯವಾಗಿ ಬಳಸುವುದು ಹೈನ್‌ರಿಚ್ ಹರ್ಟ್ಸ್ 1880ರ ದಶಕದ ಆರಂಭದಲ್ಲಿ ಕೊಟ್ಟ ಸಿದ್ಧಾಂತ. ಎರಡು ಗೋಳ ಒಂದಕ್ಕೊಂದು ಒತ್ತಿದಾಗ ಏನಾಗುತ್ತದೆ ಎಂಬ ಲೆಕ್ಕ ಅದು. ಮೆಕ್ಯಾನಿಕಲ್‌ನವರಿಗೆ ಇದು ಗೇರ್ ಹಲ್ಲಿನ ಸವೆತ, ಬಾಲ್ ಬೇರಿಂಗ್ ಪಾಠದಲ್ಲಿ ಬರುತ್ತದೆ. ಟ್ರ್ಯಾಕ್ಟರಿನ ಗೇರ್‌ಬಾಕ್ಸಿಗೆ ಹಾಕುವ ಲೆಕ್ಕವನ್ನೇ ಸ್ತನದ ಕೋಶಕ್ಕೂ ಹಾಕುತ್ತಾರೆ ಎಂದು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದರೆ ಹರ್ಟ್ಸ್ ಲೆಕ್ಕಕ್ಕೆ ಷರತ್ತುಗಳಿವೆ. ವಸ್ತು ಎಲ್ಲ ಕಡೆ ಒಂದೇ ಸಮ ಇರಬೇಕು, ಪೂರ್ತಿ ಸ್ಥಿತಿಸ್ಥಾಪಕ ಇರಬೇಕು, ಒತ್ತುವುದು ಸ್ವಲ್ಪವೇ ಇರಬೇಕು. ಕೋಶ ಈ ಮೂರನ್ನೂ ಕೇಳುವುದಿಲ್ಲ. ನಡುವೆ ಕೋಶಕೇಂದ್ರ, ಅಂಚಿನಲ್ಲಿ ತೆಳು. ಬೇಗ ಒತ್ತಿದರೆ ಗಟ್ಟಿ, ನಿಧಾನ ಒತ್ತಿದರೆ ಮೆದು, ಹಸಿ ಹಿಟ್ಟಿನ ಹಾಗೆ. ಆಳಕ್ಕೆ ಒತ್ತಿದರೆ ಕೆಳಗಿನ ಗಾಜೇ ತಾಗಿ ಸುಳ್ಳು ಗಟ್ಟಿತನ ಬರುತ್ತದೆ. ಚೂಪು ಮೊನೆ ಚುಚ್ಚುತ್ತದೆಂದು ಎಷ್ಟೋ ಸಲ ಅದರ ಬದಲು ಸಣ್ಣ ಗೋಲಿ ಅಂಟಿಸುತ್ತಾರೆ. ಹೀಗಾಗಿ ಒಂದೇ ಬಗೆಯ ಕೋಶಕ್ಕೆ ಒಂದು ಲ್ಯಾಬಿನ ಅಂಕಿ ಇನ್ನೊಂದರದ್ದಕ್ಕೆ ಸುಲಭದಲ್ಲಿ ಹೊಂದುವುದಿಲ್ಲ. ಎಎಫ್‌ಎಂ ಬಗ್ಗೆ ಬರುವ ಉತ್ಸಾಹದ ಸುದ್ದಿಗಳಲ್ಲಿ ಈ ಮಾತು ಕಾಣುವುದಿಲ್ಲ. ನನ್ನ ಮಟ್ಟಿಗೆ ಇಡೀ ವಿಷಯದ ರಸವೇ ಇಲ್ಲಿದೆ. ಇದು ಜೀವಶಾಸ್ತ್ರಜ್ಞರೊಬ್ಬರೇ ಬಿಡಿಸುವ ಗಂಟಲ್ಲ, ಬೀಮ್, ಕಾಂಟ್ಯಾಕ್ಟ್, ವಿಸ್ಕೊಇಲಾಸ್ಟಿಸಿಟಿ ಗೊತ್ತಿರುವವರು ಬೇಕು. ನಮ್ಮಂಥವರು ಬೇಕು.

ಮೊನೆಯಿಂದ ಒತ್ತುವುದಷ್ಟೇ ಅಲ್ಲ, ಎಳೆಯಲೂಬಹುದು. ಒಂದು ಪ್ರೊಟೀನಿನ ಒಂದು ತುದಿ ಗಾಜಿಗೆ, ಇನ್ನೊಂದು ತುದಿ ಮೊನೆಗೆ ಅಂಟಿದರೆ ಮೊನೆ ಎತ್ತಿದಾಗ ಪ್ರೊಟೀನು ಹಿಗ್ಗುತ್ತದೆ. 1997ರಲ್ಲಿ ಮ್ಯೂನಿಕ್‌ನ ಹರ್ಮನ್ ಗಾಬ್ ಅವರ ಗುಂಪು ನಮ್ಮ ಸ್ನಾಯುವಿನ ಟೈಟಿನ್ ಪ್ರೊಟೀನನ್ನು ಹೀಗೆ ಎಳೆಯಿತು. ಗ್ರಾಫ್ ಗರಗಸದ ಹಲ್ಲಿನಂತೆ ಬಂತು, ಪ್ರೊಟೀನಿನ ಒಂದೊಂದು ಮಡಿಕೆ ಬಿಚ್ಚಿದಾಗ ಒಂದೊಂದು ಹಲ್ಲು. ನಮ್ಮ ದೇಶದಲ್ಲಿ ಮುಂಬೈನ ಟಿಐಎಫ್‌ಆರ್‌ನಲ್ಲಿ ಶ್ರೀರಾಮ ಕೋಟಿ ಐನವರಪು, ಪುಣೆಯ ಐಸರ್‌ನಲ್ಲಿ ಶಿವಪ್ರಸಾದ್ ಪಾಟೀಲ್ ಅವರ ಗುಂಪುಗಳು ಎಎಫ್‌ಎಂನಿಂದ ಪ್ರೊಟೀನುಗಳನ್ನು ಎಳೆದು ಓದುತ್ತಿವೆ. ನಮಗೆ ಬೆಂಗಳೂರಿಗಿಂತ ಪುಣೆ ಹತ್ತಿರ.

ಬೆಂಗಳೂರಿನದೂ ಒಂದು ಕೆಲಸವಿದೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಪ್ರಮೋದ್ ಪುಲ್ಲಾರ್ಕಟ್ ಅವರ ಗುಂಪು ನರತಂತುಗಳ ಬಿಗಿತ ಅಳೆಯಲು ಉಪಕರಣವನ್ನು ಸ್ವತಃ ಕಟ್ಟಿಕೊಂಡಿತು. ಹೆಸರಿಗೆ ಎಎಫ್‌ಎಂ ಅಲ್ಲ, ಆದರೆ ಜೀವಾಳ ಅದೇ ಕ್ಯಾಂಟಿಲಿವರ್. ಇಂಟರ್ನೆಟ್ ತರುವ ಆಪ್ಟಿಕಲ್ ಫೈಬರಿನ ಎಳೆಯನ್ನು ತೆಳುಗೊಳಿಸಿ ಅದನ್ನೇ ತೊಲೆ ಮಾಡಿದರು. ಫೈಬರಿನೊಳಗೆ ಬಿಟ್ಟ ಲೇಸರ್ ಬೆಳಕು ತುದಿಯಿಂದ ಹೊರಬಂದು ತುದಿ ಎಲ್ಲಿದೆ ಎಂದು ತಾನೇ ಹೇಳುತ್ತದೆ. ಕೋಳಿ ಭ್ರೂಣದ ನರಕೋಶದ ತಂತುವನ್ನು ಈ ತುದಿಯಿಂದ ಬಿಲ್ಲಿನ ಹೆದೆ ಎಳೆದಂತೆ ಪಕ್ಕಕ್ಕೆ ಎಳೆದರು. ಪುಣೆ ಐಸರ್‌ನ ಅರ್ಣಬ್ ಘೋಷ್ ಮತ್ತಿತರರ ಜೊತೆ 2020ರಲ್ಲಿ ‘ಇಲೈಫ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ನರತಂತುವಿನ ಒಳಗೆ ಸ್ಪೆಕ್ಟ್ರಿನ್ ಎಂಬ ಪ್ರೊಟೀನು, ಎಳೆತ ಹೆಚ್ಚಾದಾಗ ತನ್ನ ಮಡಿಕೆ ಬಿಚ್ಚಿ, ಬೈಕಿನ ಶಾಕ್ ಅಬ್ಸಾರ್ಬರಿನಂತೆ ತಂತುವನ್ನು ಕಾಯುತ್ತದೆ. ನಾವು ಮೊಣಕಾಲು ಮಡಚಿದಾಗಲೆಲ್ಲ ಕಾಲಿನ ನರ ಹಿಗ್ಗುತ್ತದೆ, ಹರಿಯುವುದಿಲ್ಲ. ಅದಕ್ಕೆ ಇದೂ ಒಂದು ಉತ್ತರ. ಸ್ಪೆಕ್ಟ್ರಿನ್ ಮಡಿಕೆ ಬಿಚ್ಚುತ್ತದೆ ಎಂದು 1999ರಲ್ಲೇ ಎಎಫ್‌ಎಂನಲ್ಲಿ ಒಂಟಿ ಪ್ರೊಟೀನನ್ನು ಎಳೆದು ತೋರಿಸಿದ್ದು ಅದೇ ಮ್ಯೂನಿಕ್ ಗುಂಪು.

ನಮ್ಮಂಥವರಿಗೆ ದಾರಿ ಇದೆಯೇ?

‘ಇದೆಲ್ಲ ಓದಿದ್ರ ನೌಕ್ರಿ ಸಿಗತದೇನು?’ ಅಪ್ಪ ಕೇಳಿದ ಪ್ರಶ್ನೆ. ನಮ್ಮ ಬ್ಯಾಚಿನ ಹೆಚ್ಚಿನವರು ಮೆಕ್ಯಾನಿಕಲ್ ಓದಿ ಕೋಡಿಂಗ್ ಕೋರ್ಸಿಗೆ ಸೇರುತ್ತಿದ್ದಾರೆ, ಅದು ತಪ್ಪೆಂದು ಹೇಳುವ ಧೈರ್ಯ ನನಗಿಲ್ಲ. ಎಎಫ್‌ಎಂ ಕಲಿತ ಕೂಡಲೇ ಕ್ಯಾಂಪಸ್ಸಿಗೆ ಕಂಪನಿ ಬರುವುದಿಲ್ಲ. ಎಂ.ಟೆಕ್, ಪಿಎಚ್‌.ಡಿ. ದಾರಿ ಇದು, ಉದ್ದದ ದಾರಿ. ವೈದ್ಯಕೀಯ ಉಪಕರಣ, ಸೆಮಿಕಂಡಕ್ಟರ್, ಪೇಂಟ್, ಔಷಧ ಕಂಪನಿಗಳ ಪ್ರಯೋಗಾಲಯಗಳಲ್ಲಿ ಮೇಲ್ಮೈ ಅಳೆಯುವವರಿಗೆ ಕೆಲಸವಿದೆ, ಆದರೆ ಸಾವಿರಗಟ್ಟಲೆ ಅಲ್ಲ. ಅಪ್ಪನಿಗೂ ಇಷ್ಟನ್ನೇ ಹೇಳಿದೆ. ಅವರು ‘ನೋಡು’ ಎಂದರು. ನಮ್ಮ ಮನೆಯಲ್ಲಿ ‘ನೋಡು’ ಎಂದರೆ ಅರ್ಧ ಒಪ್ಪಿಗೆ.

ಒಳ್ಳೆಯ ಯಂತ್ರದ ಬೆಲೆ ಕೋಟಿಯ ಲೆಕ್ಕದಲ್ಲಿರುತ್ತದೆ. ಪ್ರತಿ ಕಾಲೇಜಿಗೂ ಅದು ಬರಲೆಂದು ಕಾಯುವುದು ವ್ಯರ್ಥ, ನಾವೇ ಅದಿದ್ದಲ್ಲಿಗೆ ಹೋಗಬೇಕು. ಬೆಂಗಳೂರಿನ ಐಐಎಸ್‌ಸಿಯ ನ್ಯಾನೊ ವಿಜ್ಞಾನ ಕೇಂದ್ರದಲ್ಲಿ ಎಎಫ್‌ಎಂ ಇದೆ, ಹೊರಗಿನವರ ಮಾದರಿಗಳನ್ನೂ ಶುಲ್ಕ ಪಡೆದು ಅಲ್ಲಿ ಅಳೆದುಕೊಡುತ್ತಾರೆ. ಇನಪ್ ಎಂಬ ಕೇಂದ್ರ ಸರ್ಕಾರದ ಯೋಜನೆಯಡಿ ಐಐಎಸ್‌ಸಿ ಮತ್ತು ಕೆಲವು ಐಐಟಿಗಳಲ್ಲಿ ಹೊರಗಿನ ಕಾಲೇಜಿನವರಿಗೆ ನ್ಯಾನೊ ಉಪಕರಣಗಳ ಕಾರ್ಯಾಗಾರ ನಡೆಯುತ್ತವೆ. 2020ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಶುರುವಾದ ಐ-ಸ್ಟೆಮ್ ಪೋರ್ಟಲಿನಲ್ಲಿ ದೇಶದ ಯಾವ ಸಂಸ್ಥೆಯಲ್ಲಿ ಯಾವ ಉಪಕರಣ ಇದೆ ಎಂದು ಹುಡುಕಿ ಸಮಯ ಕಾದಿರಿಸಬಹುದು. ನಿಮ್ಮ ಗೈಡ್ ಜೊತೆ ಕೂತು ಒಮ್ಮೆ ನೋಡಿ, ಹೈದರಾಬಾದ್, ಪುಣೆಯ ಸಂಸ್ಥೆಗಳನ್ನೂ ಹುಡುಕಿ. ಬೇಸಿಗೆಯಲ್ಲಿ ವಿಜ್ಞಾನ ಅಕಾಡೆಮಿಗಳ ಸಮ್ಮರ್ ಫೆಲೊಶಿಪ್, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ಫೆಲೊಶಿಪ್ ಇವೆ. ಅರ್ಜಿ ಸಾಮಾನ್ಯವಾಗಿ ಹಿಂದಿನ ವರ್ಷದ ಕೊನೆಯಲ್ಲೇ ಹಾಕಬೇಕು, ಏಪ್ರಿಲ್‌ನಲ್ಲಿ ಎಚ್ಚರಗೊಂಡರೆ ಬಾಗಿಲು ಮುಚ್ಚಿರುತ್ತದೆ. ಗೇಟ್ ಪರೀಕ್ಷೆಯಲ್ಲಿ 2020ರಿಂದ ಬಯೊಮೆಡಿಕಲ್ ಇಂಜಿನಿಯರಿಂಗ್ ಪತ್ರಿಕೆಯೂ ಇದೆ. ಎಎಫ್‌ಎಂ ಚಿತ್ರಗಳನ್ನು ಬಿಡಿಸಿ ಓದಲು ಜೆಕ್ ದೇಶದವರು ಮಾಡಿದ ‘ಗ್ವಿಡಿಯನ್’ ಎಂಬ ಉಚಿತ ಸಾಫ್ಟ್‌ವೇರ್ ಸಾಕು, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

ಇಷ್ಟಕ್ಕೂ ಕಾಯದೇ ನಾವು ನಾಲ್ವರು ಒಂದು ದೊಡ್ಡ ‘ಎಎಫ್‌ಎಂ’ ಕಟ್ಟಿದ್ದೇವೆ. ಸಾಮಾನು: ಒಂದು ಹ್ಯಾಕ್ಸಾ ಬ್ಲೇಡು, ಒಡೆದ ಕನ್ನಡಿಯ ಚೂರು, ಲೇಸರ್ ಪಾಯಿಂಟರ್, ವರ್ಕ್‌ಶಾಪಿನ ವೈಸ್. ಬ್ಲೇಡನ್ನು 20 ಸೆಂಟಿಮೀಟರ್ ಹೊರಗೆ ಚಾಚಿಸಿ ಬಿಗಿದು, ತುದಿಯ ಬೆನ್ನಿಗೆ ಕನ್ನಡಿ, ಕೆಳಗೆ ಒಂದು ಬೋಲ್ಟಿನ ತಲೆ. ಲೇಸರ್ ಚುಕ್ಕೆ 4 ಮೀಟರ್ ದೂರದ ಗೋಡೆಗೆ. ತುದಿ 1 ಮಿಲಿಮೀಟರ್ ಬಾಗಿದರೆ ಗೋಡೆಯ ಚುಕ್ಕೆ 6 ಸೆಂಟಿಮೀಟರ್ ಸರಿಯುತ್ತದೆ, ಪುಸ್ತಕದ ಲೆಕ್ಕ ಹಾಕಿ ನೋಡಿ. ಬ್ಲೇಡಿನ ಸ್ಥಿರಾಂಕವನ್ನು ತುದಿಗೆ ಸಣ್ಣ ತೂಕ ನೇತುಹಾಕಿ ತೆಗೆದೆವು. ಕೆಳಗೆ ಲ್ಯಾಬ್ ಜ್ಯಾಕಿನ ಮೇಲೆ ಮೊದಲು ರಬ್ಬರ್ ಇಟ್ಟೆವು, ಆಮೇಲೆ ಹಣ್ಣಾದ ಬಾರೆ, ಕಾಯಿ ಬಾರೆ, ಕೊನೆಗೆ ಮೆಸ್ಸಿನಿಂದ ತಂದ ಚಪಾತಿ ಹಿಟ್ಟು. ಜ್ಯಾಕನ್ನು ಒಂದೊಂದು ಸುತ್ತು ಏರಿಸುತ್ತ ಬಲ ಮತ್ತು ಆಳದ ಗೆರೆ ಎಳೆದೆವು. ಕಾಯಿ ಮತ್ತು ಹಣ್ಣಿನ ಗೆರೆ ಬೇರೆ ಬೇರೆ ಬಂದವು. ಹಿಟ್ಟಿನದು ಒಂದೇ ಗೆರೆಯಾಗಲೇ ಇಲ್ಲ. ಬೇಗ ಏರಿಸಿದರೆ ಒಂದು, ನಿಲ್ಲಿಸಿ ನಿಲ್ಲಿಸಿ ಏರಿಸಿದರೆ ಇನ್ನೊಂದು. ಕೋಶದ ಬಗ್ಗೆ ಓದಿದ್ದೆಲ್ಲ ಹಿಟ್ಟಿನಲ್ಲಿ ಎದುರಿಗಿತ್ತು.

ಮಿನಿ ಪ್ರಾಜೆಕ್ಟಿಗೆ ಇದನ್ನೇ ಕೊಡುತ್ತೇವೆ ಎಂದಾಗ ಪ್ರಾಧ್ಯಾಪಕರು, ಇದು ಮೆಕ್ಯಾನಿಕಲ್ಲೋ ಬಯಾಲಜಿಯೋ ಎಂದು ಕೇಳಿದರು. ಮೊದಲ ಪುಟದಲ್ಲಿ ಏನು ಬರೆಯಬೇಕೆಂದು ಇನ್ನೂ ಚರ್ಚೆ ನಡೆದಿದೆ. ರಜೆಗೆ ಊರಿಗೆ ಹೋದಾಗ ಬ್ಲೇಡನ್ನು ಒಯ್ದು, ಮುಂದಿನ ಬಿತ್ತನೆಗೆ ಮೊದಲು ಹೊಲದ ಮಣ್ಣಿನ ಮೇಲೂ ಒತ್ತಿ ನೋಡುವುದಿದೆ. ಅಪ್ಪ ಮುಷ್ಟಿಯಲ್ಲಿ ಒತ್ತಿ ಹೇಳುತ್ತಾರೆ, ನಾವು ಗೋಡೆಯ ಚುಕ್ಕೆ ನೋಡಿ ಹೇಳುತ್ತೇವೆ. ಎರಡೂ ಹೊಂದುತ್ತವೋ ಇಲ್ಲವೋ ನೋಡಬೇಕು.